ವಿಶ್ವಕೋಶದ ಒಂದು ಸಾಲು: ಕವಿಗಳ ಮತ್ತು ಪ್ರವಾಸಿಗರ ಜೀವನಚರಿತ್ರೆಯನ್ನು ಬಿಡಿಸಿ ಓದುವ ಕ್ರಮ

ಪ್ರಾಚೀನ ಕವಿಯೊಬ್ಬನ ಜೀವನವನ್ನು ತಿಳಿಯಬಯಸುವವರು ಮೊದಲು ತೆರೆಯುವುದು ಕವಿಚರಿತೆಯನ್ನು ಅಥವಾ ವಿಶ್ವಕೋಶವನ್ನು. ಹೆಸರು, ಅದರ ಮುಂದೆ ಒಂದೆರಡು ಇಸವಿ, ಹುಟ್ಟಿದ ಊರು, ತಂದೆತಾಯಿ, ಆಶ್ರಯದಾತ, ಕೃತಿಗಳು ಇಷ್ಟೂ ಅಲ್ಲಿ ಹತ್ತಾರು ಸಾಲುಗಳಲ್ಲಿ ಅಡಕವಾಗಿರುತ್ತವೆ. ಹಸ್ತಪ್ರತಿ ಭಂಡಾರಗಳಿಂದಲೂ ಶಾಸನಗಳಿರುವ ಊರುಗಳಿಂದಲೂ ಸಾವಿರಾರು ಮೈಲಿ ದೂರದಲ್ಲಿ ಕುಳಿತು ಕನ್ನಡದ ಅಧ್ಯಯನ ನಡೆಸುವವರಿಗೆ ಈ ಸಾಲುಗಳೇ ಮೊದಲ ಆಧಾರ. ಎಷ್ಟೋ ವೇಳೆ ಕೊನೆಯ ಆಧಾರವೂ ಅವೇ ಆಗಿಬಿಡುತ್ತವೆ.

ತೊಡಕು ಇರುವುದು ಈ ಸಾಲುಗಳ ಸಮತೆಯಲ್ಲಿ. ಕವಿ ತಾನೇ ತನ್ನ ಕಾವ್ಯದಲ್ಲಿ ಹೇಳಿಕೊಂಡದ್ದು, ಸಮಕಾಲೀನರು ಕಲ್ಲಿನ ಮೇಲೆ ಕೊರೆಸಿದ್ದು, ಆಧುನಿಕ ವಿದ್ವಾಂಸರು ತರ್ಕದಿಂದ ಊಹಿಸಿದ್ದು, ಹಿಂದಿನ ಕೋಶದಿಂದ ಎತ್ತಿಕೊಂಡದ್ದು ಈ ನಾಲ್ಕೂ ಒಂದೇ ಗಾತ್ರದ ಅಕ್ಷರಗಳಲ್ಲಿ, ಒಂದೇ ದನಿಯಲ್ಲಿ ಅಚ್ಚಾಗಿರುತ್ತವೆ. ಓದುಗನ ಕಣ್ಣಿಗೆ ಎಲ್ಲವೂ ಸಮಾನ ತೂಕದ ಸಂಗತಿಗಳೇ. ಗ್ರಂಥಸಂಪಾದನೆಯಲ್ಲಿ ಪಳಗಿದವರು ಒಂದು ಕಾವ್ಯದ ಹತ್ತು ಪ್ರತಿಗಳು ಒಂದೇ ಪಾಠವನ್ನು ಕೊಟ್ಟ ಮಾತ್ರಕ್ಕೆ ಅದನ್ನು ಹತ್ತು ಸಾಕ್ಷಿಗಳೆಂದು ಎಣಿಸುವುದಿಲ್ಲ. ಆ ಹತ್ತೂ ಒಂದೇ ಮಾತೃಪ್ರತಿಯಿಂದ ಇಳಿದಿರಬಹುದೆಂದು ಅವರು ಮೊದಲು ಸಂಶಯಿಸುತ್ತಾರೆ. ಅದೇ ಎಚ್ಚರವನ್ನು ವಿಶ್ವಕೋಶಗಳ ವಿಷಯದಲ್ಲಿಯೂ ತೋರಬೇಕೆಂಬುದು ಈ ಲೇಖನದ ಪ್ರತಿಪಾದನೆ. ಕವಿ ಪಂಪ, ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಮೈಸೂರು ಸೀಮೆಯನ್ನು ಅಳೆಸಿದ ಕಾಲಿನ್ ಮೆಕೆಂಜಿ ಈ ಮೂವರನ್ನು ಮುಖ್ಯ ನಿದರ್ಶನಗಳಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಕೋಶಗಳ ಪರಂಪರೆ

ಸಕಲ ವಿಷಯಗಳನ್ನು ಒಂದೆಡೆ ಕೂಡಿಸುವ ಗ್ರಂಥಗಳು ಕರ್ನಾಟಕಕ್ಕೆ ಹೊಸವಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಹೆಸರಿನ ಸಂಸ್ಕೃತ ಗ್ರಂಥ ಮಾನಸೋಲ್ಲಾಸ, ನಿಜಗುಣ ಶಿವಯೋಗಿಯ ಕನ್ನಡ ಗದ್ಯಗ್ರಂಥ ವಿವೇಕಚಿಂತಾಮಣಿ, ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರ ಇವೆಲ್ಲ ಈ ಬಗೆಯವು. ಆದರೆ ಇವುಗಳ ವಿಂಗಡಣೆ ಶಾಸ್ತ್ರಗಳನ್ನೂ ಕಲೆಗಳನ್ನೂ ಅನುಸರಿಸಿದ್ದು. ಪಾಕ, ಅಶ್ವಪರೀಕ್ಷೆ, ಸಂಗೀತ, ರಾಜನೀತಿ ಇವುಗಳಿಗೆ ಇಲ್ಲಿ ಪ್ರಕರಣಗಳುಂಟು. ವ್ಯಕ್ತಿಯ ಜೀವನವನ್ನು ಅಕಾರಾದಿಯಾಗಿಯೋ ಕಾಲಾನುಕ್ರಮವಾಗಿಯೋ ಕೊಡುವ ಪದ್ಧತಿ ಇಲ್ಲ. ಕವಿಗಳ ಕುರಿತ ಮಾಹಿತಿ ಉಳಿದದ್ದು ಬೇರೆ ಕಡೆಗಳಲ್ಲಿ: ಕಾವ್ಯಾರಂಭದ ಪೂರ್ವಕವಿಸ್ತುತಿ, ಆಶ್ವಾಸಾಂತ್ಯದ ಗದ್ಯ, ಕಾವ್ಯದ ಕೊನೆಯ ಸ್ವವಿಷಯದ ಪದ್ಯಗಳು, ದಾನಶಾಸನಗಳು, ಮಠಗಳ ಐತಿಹ್ಯಗಳು.

ಚದುರಿದ ಈ ಮಾಹಿತಿಯನ್ನು ವ್ಯಕ್ತಿಯೊಬ್ಬನ ಹೆಸರಿನಡಿ ಒಟ್ಟುಗೂಡಿಸುವ ಕೆಲಸ 19ನೆಯ ಶತಮಾನದಲ್ಲಿ ಆರಂಭವಾಯಿತು. ಕಿಟ್ಟೆಲ್ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸಿದಾಗ ಅದರ ಜೊತೆಗೆ ಕನ್ನಡ ಸಾಹಿತ್ಯದ ಸಮೀಕ್ಷೆಯೊಂದನ್ನು ಸೇರಿಸಿದರು. ಬಿ. ಎಲ್. ರೈಸ್ ತಾವು ಸಂಪಾದಿಸಿದ ವ್ಯಾಕರಣ ಗ್ರಂಥಗಳ ಪ್ರಸ್ತಾವನೆಗಳಲ್ಲಿ ಅದನ್ನು ವಿಸ್ತರಿಸಿದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿಯೂ ಎರಡನೆಯದು 1919ರಲ್ಲಿಯೂ ಮೂರನೆಯದು 1929ರಲ್ಲಿಯೂ ಹೊರಬಂದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು.

ಈ ಪರಂಪರೆಯಲ್ಲಿ ಕವಿಚರಿತೆಗೆ ಒಂದು ವಿಶೇಷ ಗುಣವಿದೆ. ಕವಿಯ ಕಾಲವನ್ನು ಹೇಳುವುದರ ಜೊತೆಗೆ ಅದನ್ನು ಹೇಗೆ ನಿರ್ಣಯಿಸಲಾಯಿತೆಂಬುದನ್ನೂ ಅದು ಹೇಳುತ್ತದೆ. ಇಂಥ ಕವಿ ಇಂಥವನನ್ನು ಸ್ತುತಿಸಿದ್ದಾನೆ, ಆದ್ದರಿಂದ ಅವನಿಗಿಂತ ಈಚಿನವನು. ಇಂಥವನು ಇವನನ್ನು ಹೆಸರಿಸಿದ್ದಾನೆ, ಆದ್ದರಿಂದ ಅವನಿಗಿಂತ ಹಿಂದಿನವನು ಎಂಬ ವಾದಸರಣಿ ಓದುಗನ ಕಣ್ಣ ಮುಂದೆಯೇ ಸಾಗುತ್ತದೆ. ಮುಂದಿನ ಕೋಶಗಳಿಗೆ ಸ್ಥಳಾವಕಾಶ ಕಡಿಮೆ. ಅವು ಫಲಿತಾಂಶವನ್ನು ಉಳಿಸಿಕೊಂಡು ವಾದವನ್ನು ಬಿಟ್ಟವು. ‘ಸು. 1145’ ಎಂಬಲ್ಲಿನ ‘ಸು.’ ಎಂಬ ಪುಟ್ಟ ಅಕ್ಷರವೂ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿ ಉದುರಿಹೋಗಬಹುದು. ಹಾಗೆ ಉದುರಿದ ಗಳಿಗೆಯಲ್ಲಿ ಊಹೆಯೊಂದು ಸಂಗತಿಯಾಗಿ ಮಾರ್ಪಡುತ್ತದೆ.

ಪಂಪನ ಹೆಸರಿನ ಮುಂದಿನ ಸಾಲುಗಳು

ಇಂದಿನ ಕೋಶಗಳಲ್ಲಿ ಪಂಪನ ಪರಿಚಯ ಸಾಮಾನ್ಯವಾಗಿ ಹೀಗಿರುತ್ತದೆ: ಜನನ 902, ತಂದೆ ಭೀಮಪ್ಪಯ್ಯ, ತಾಯಿ ಅಬ್ಬಣಬ್ಬೆ, ತಮ್ಮ ಜಿನವಲ್ಲಭ, ಊರು ಅಣ್ಣಿಗೇರಿ, ಆಶ್ರಯದಾತ ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿ, ಕೃತಿಗಳು ಆದಿಪುರಾಣ ಮತ್ತು ವಿಕ್ರಮಾರ್ಜುನವಿಜಯ. ಈ ಒಂದೊಂದು ಅಂಶವೂ ಬಂದ ದಾರಿ ಬೇರೆ ಬೇರೆ.

ಮೊದಲು 902. ಪಂಪ ಎಲ್ಲಿಯೂ ಈ ಸಂಖ್ಯೆಯನ್ನು ಹೇಳಿಲ್ಲ. ಆದಿಪುರಾಣದಲ್ಲಿ ಅವನು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳುತ್ತಾನೆ. ಆ ಕಾವ್ಯ ಮುಗಿದದ್ದು ಶಕ 863ರ ಪ್ಲವ ಸಂವತ್ಸರದಲ್ಲಿ ಎಂದೂ ತಿಳಿಸುತ್ತಾನೆ. ಶಕ 863 ಎಂದರೆ ಕ್ರಿ.ಶ. 941. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಪ್ಲವ 35ನೆಯದು, ದುಂದುಭಿ 56ನೆಯದು. 941ರಿಂದ ಹಿಂದಕ್ಕೆ ಎಣಿಸಿದರೆ ದುಂದುಭಿ ಮೊದಲು ಸಿಗುವುದು 39 ವರ್ಷಗಳ ಹಿಂದೆ, ಅಂದರೆ 902ರಲ್ಲಿ. ಅದರ ಹಿಂದಿನದು 842ರಲ್ಲಿ. ಎರಡನೆಯದನ್ನು ಒಪ್ಪಿದರೆ ಆದಿಪುರಾಣವನ್ನು ಮುಗಿಸುವಾಗ ಕವಿಗೆ 99 ವರ್ಷ ಆಗಿರಬೇಕಾಗುತ್ತದೆ. ಅದು ಅಸಂಭವ, ಆದ್ದರಿಂದ 902. ಈ ತರ್ಕ ಬಿಗಿಯಾಗಿದೆ, ನಿರ್ಣಯವೂ ದೃಢವಾಗಿದೆ. ಆದರೂ ಕವಿಯ ಮಾತಿನಿಂದ ಸಂಖ್ಯೆಯವರೆಗೆ ಒಂದು ಗಣಿತದ ಹೆಜ್ಜೆ ಇದೆ ಎಂಬುದನ್ನು ಮರೆಯಬಾರದು. ಇದೇ ಬಗೆಯ ಗಣಿತ ಬೇರೆ ಕವಿಗಳ ವಿಷಯದಲ್ಲಿ ಇಷ್ಟು ಸುಲಭವಲ್ಲ. ಸಂವತ್ಸರದ ಹೆಸರು ಮಾತ್ರವಿದ್ದು ಶಕವರ್ಷ ಇಲ್ಲದಿದ್ದಾಗ ನಿರ್ಣಯ ಅರವತ್ತು ವರ್ಷ ಹಿಂದೆ ಮುಂದೆ ಜಾರುವ ಸಾಧ್ಯತೆ ಸದಾ ಇರುತ್ತದೆ.

ಇನ್ನು ಕುಟುಂಬ. ವಿಕ್ರಮಾರ್ಜುನವಿಜಯದ ಕೊನೆಯಲ್ಲಿ ಪಂಪ ತನ್ನ ವಂಶವನ್ನು ಹೇಳುತ್ತ ತಂದೆಯನ್ನು ಅಭಿರಾಮದೇವರಾಯನೆಂದು ಕರೆಯುತ್ತಾನೆ. ಭೀಮಪ್ಪಯ್ಯ, ಅಬ್ಬಣಬ್ಬೆ ಎಂಬ ಹೆಸರುಗಳು ಬರುವುದು ಕಾವ್ಯದಲ್ಲಲ್ಲ, ಇಂದಿನ ತೆಲಂಗಾಣದ ಕರೀಂನಗರದ ಸೀಮೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟದ ಬಂಡೆಯ ಮೇಲಿನ ಶಾಸನದಲ್ಲಿ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿರುವ ಈ ಶಾಸನವನ್ನು ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ಅದು ವಿದ್ವಾಂಸರ ಗಮನಕ್ಕೆ ಬಂದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಆದ್ದರಿಂದ 1907ರ ಕವಿಚರಿತೆಯಲ್ಲಿ ಕವಿಯ ತಾಯಿಯ ಹೆಸರನ್ನು ಹುಡುಕುವುದು ವ್ಯರ್ಥ. ಅಭಿರಾಮದೇವರಾಯನೂ ಭೀಮಪ್ಪಯ್ಯನೂ ಒಬ್ಬನೇ ಎಂಬುದು ಎರಡು ಆಕರಗಳನ್ನು ಜೋಡಿಸಿ ವಿದ್ವಾಂಸರು ತಲುಪಿದ ತೀರ್ಮಾನ. ಸಮಂಜಸವಾದದ್ದೇ, ಆದರೂ ತೀರ್ಮಾನವೇ.

ಊರಿನ ವಿಷಯ ಇನ್ನೂ ಸೂಕ್ಷ್ಮ. ಶಾಸನ ಅಣ್ಣಿಗೇರಿಯನ್ನು ಹೆಸರಿಸುವುದು ಅಲ್ಲಿನ ಜೋಯಿಸ ಸಿಂಘನ ಸಂಬಂಧದಿಂದ, ಅಂದರೆ ತಾಯಿಯ ಮನೆತನದ ಮೂಲಕ. ತಾಯಿಯ ತವರು ಮಗನ ಜನ್ಮಸ್ಥಳವಾಗಿರುವುದು ನಮ್ಮ ನಾಡಿನ ರೂಢಿಗೆ ಒಪ್ಪುವ ಮಾತು. ಕೋಶದಲ್ಲಿ ‘ಜನ್ಮಸ್ಥಳ: ಅಣ್ಣಿಗೇರಿ’ ಎಂದು ಅಚ್ಚಾದಾಗ ಆ ರೂಢಿಯ ಆಧಾರದ ಊಹೆ ಕಣ್ಮರೆಯಾಗುತ್ತದೆ. ಶಾಸನ ದೊರೆಯುವ ಮುನ್ನ ಬನವಾಸಿಯನ್ನು ಕುರಿತ ಪಂಪನ ಪ್ರೀತಿಯ ವರ್ಣನೆಯಿಂದ ಅವನಿಗೂ ಆ ನಾಡಿಗೂ ಇದ್ದ ನಂಟನ್ನು ಊಹಿಸುತ್ತಿದ್ದರು. ಕಾವ್ಯದ ಭಾವದಿಂದ ಊಹಿಸುವುದು, ಶಾಸನದ ವಂಶೋಕ್ತಿಯಿಂದ ಊಹಿಸುವುದು ಈ ಎರಡಕ್ಕೂ ಇರುವ ಬಲದ ಅಂತರ, ಒಂದೊಂದು ಊರಿನ ಹೆಸರನ್ನು ಮಾತ್ರ ಕೊಡುವ ಕೋಶಗಳನ್ನು ನೋಡಿದವನಿಗೆ ತಿಳಿಯದು.

ಬಿರುದೊಂದು ತಂದ ಶತಮಾನದ ಅಂತರ

ವಾದ ಕಾಣದಿದ್ದರೆ ಎಷ್ಟು ನಷ್ಟವಾಗಬಹುದೆಂಬುದಕ್ಕೆ ಇಮ್ಮಡಿ ನಾಗವರ್ಮ ನಿದರ್ಶನ. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶಗಳ ಕರ್ತೃವಾದ ಇವನು ಜಗದೇಕಮಲ್ಲನೆಂಬ ಚಾಲುಕ್ಯ ದೊರೆಯ ಕಟಕೋಪಾಧ್ಯಾಯನಾಗಿದ್ದನೆಂಬುದು ಆಧಾರ. ಆದರೆ ಜಗದೇಕಮಲ್ಲ ಎಂಬುದು ಬಿರುದು. 11ನೆಯ ಶತಮಾನದ ಇಮ್ಮಡಿ ಜಯಸಿಂಹನಿಗೂ ಅದು ಸಲ್ಲುತ್ತಿತ್ತು, 12ನೆಯ ಶತಮಾನದ ಮಧ್ಯದಲ್ಲಿ ಆಳಿದ ಇಮ್ಮಡಿ ಜಗದೇಕಮಲ್ಲನಿಗೂ ಸಲ್ಲುತ್ತಿತ್ತು. ಹಿಂದಿನ ವಿದ್ವಾಂಸರು ಎರಡನೆಯವನನ್ನು ಆಯ್ದು ಕವಿಯ ಕಾಲವನ್ನು 1145ರ ಸುಮಾರಿಗೆ ಇಟ್ಟರು. ನಾಗವರ್ಮನ ಹೆಸರಿನ, 1042ರ ಕಾಲದ ವರ್ಧಮಾನಪುರಾಣ ಬೆಳಕಿಗೆ ಬಂದ ಮೇಲೆ ಅವನನ್ನು 11ನೆಯ ಶತಮಾನಕ್ಕೆ ಸೇರಿಸುವ ವಾದ ಬಲಗೊಂಡಿತು. ಕನ್ನಡ ಅಲಂಕಾರಶಾಸ್ತ್ರದ ಮತ್ತು ವ್ಯಾಕರಣದ ಬೆಳವಣಿಗೆಯ ಚಿತ್ರವೇ ಈ ಒಂದು ಶತಮಾನದ ಪಲ್ಲಟದಿಂದ ಬದಲಾಗುತ್ತದೆ. ಒಂದು ಕೋಶದಲ್ಲಿ 1042ನ್ನೂ ಇನ್ನೊಂದರಲ್ಲಿ 1145ನ್ನೂ ಕಂಡ ವಿದ್ಯಾರ್ಥಿ ಇದನ್ನು ಅಚ್ಚಿನ ದೋಷವೆಂದು ಭಾವಿಸಬಹುದು, ಅಥವಾ ಎರಡರ ನಡುವಿನ ಕಾಲವೊಂದನ್ನು ಹಿಡಿದು ಸಮಾಧಾನಪಟ್ಟುಕೊಳ್ಳಬಹುದು. ಬಿರುದಿನ ಪ್ರಶ್ನೆ ಗೊತ್ತಿದ್ದವನಿಗೆ ಮಾತ್ರ ಅದು ಎರಡು ವಾದಗಳ ನಡುವಣ ಆಯ್ಕೆ ಎಂದು ಹೊಳೆಯುತ್ತದೆ.

ಬೀದರಿಗೆ ಬಂದ ವರ್ತಕ

ಕವಿಗಳು ತಮ್ಮ ಕಾವ್ಯದಲ್ಲಿಯಾದರೂ ಸ್ವವಿಷಯವನ್ನು ಹೇಳುವ ಸಂಪ್ರದಾಯವಿತ್ತು. ಪ್ರವಾಸಿಗರ ಪಾಡು ಬೇರೆ. ಅವರ ಬರಹವೇ ಹೆಚ್ಚಿನ ವೇಳೆ ಅವರ ಬದುಕಿನ ಏಕೈಕ ದಾಖಲೆ. ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸ್ ಡೊಮಿಂಗೊ ಪಾಯಸ್‌ನ ವಿಷಯವಾಗಿ ಅವನ ವರ್ಣನೆಯಾಚೆಗೆ ಕೋಶಗಳು ಹೇಳುವುದು ಅತ್ಯಲ್ಪ. 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿಯಾದ ಬೀದರಿಗೆ ಬಂದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್‌ನ ವಿಷಯದಲ್ಲಿ ಈ ಸ್ಥಿತಿ ಇನ್ನೂ ಸ್ಪಷ್ಟ.

ಅವನ ಹೆಸರಿನಿಂದಲೇ ಆರಂಭಿಸಬಹುದು. ನಿಕಿತಿನ್ ಎಂದರೆ ನಿಕಿತನ ಮಗ. ಕೋಶಗಳು ಅದನ್ನು ಕುಲನಾಮದಂತೆ ಎಣಿಸಿ ಆ ಅಕ್ಷರದಡಿ ಅವನನ್ನು ಸೇರಿಸುತ್ತವೆ; ಪ್ರಾಚೀನ ರಷ್ಯದ ಬರಹಗಾರರನ್ನು ದತ್ತನಾಮದಿಂದ ವಿಂಗಡಿಸುವ ಕೋಶಗಳಲ್ಲಿ ಅವನು ಅಫನಾಸಿಯೆಂಬ ಹೆಸರಿನಡಿ ಸಿಗುತ್ತಾನೆ. ಪ್ರಯಾಣದ ಕಾಲವನ್ನು ಹಳೆಯ ಗ್ರಂಥಗಳು 1466–1472 ಎಂದರೆ ಈಚಿನ ಹಲವು 1468–1474 ಎನ್ನುತ್ತವೆ. ಈ ಭೇದದ ಮೂಲ ಎಲ್ಲಿದೆ?

ನಿಕಿತಿನ್ ತನ್ನ ಊರಿಗೆ ಮರಳಲಿಲ್ಲ. ಸ್ಮೋಲೆನ್ಸ್ಕ್ ಪಟ್ಟಣವನ್ನು ತಲುಪುವ ಮೊದಲೇ ತೀರಿಕೊಂಡ. ಅವನ ಕೈಬರಹವನ್ನು ವರ್ತಕರು ಮಾಸ್ಕೋದ ಅಧಿಕಾರಿ ವಸಿಲಿ ಮಮಿರೆವ್‌ಗೆ ತಲುಪಿಸಿದರು. 1475ರ ಪ್ರಕರಣದಲ್ಲಿ ಅದನ್ನು ತನ್ನ ವೃತ್ತಾಂತಕ್ಕೆ ಸೇರಿಸಿಕೊಂಡ ಅಜ್ಞಾತ ಲೇಖಕ ಒಂದು ಚಿಕ್ಕ ಪೀಠಿಕೆ ಬರೆದಿದ್ದಾನೆ. ಈ ವರ್ತಕ ಹೊರಟದ್ದು ಯಾವಾಗ ಎಂದು ತಿಳಿಯಲು ಅವನು ಜನರನ್ನು ವಿಚಾರಿಸುತ್ತಾನೆ. ವರ್ತಕನ ಜೊತೆಗೆ ಹೊರಟನೆನ್ನಲಾದ ರಾಯಭಾರಿ ವಸಿಲಿ ಪಾಪಿನ್ ಕಜಾನ್ ದಂಡಯಾತ್ರೆಗೆ ಒಂದು ವರ್ಷ ಮೊದಲು ಮರಳಿದನೆಂಬ ಉತ್ತರ ಅವನಿಗೆ ಸಿಗುತ್ತದೆ. ಆ ದಂಡಯಾತ್ರೆ 1469ರದು. ನಿಕಿತಿನ್‌ನ ಜೀವನಚರಿತ್ರೆಯ ಮೊದಲ ಸಂಶೋಧಕ ಈ ಅನಾಮಧೇಯ ಲೇಖಕನೇ. ತಾನು ಯಾರ ಬಾಯಿಂದ ಏನನ್ನು ಕೇಳಿದೆನೆಂಬುದನ್ನು ಅವನು ಮುಚ್ಚಿಡದೆ ಬರೆದದ್ದರಿಂದಲೇ ನಾಲ್ಕು ಶತಮಾನಗಳ ಅನಂತರ ಅವನ ಮಾತನ್ನು ಮರುಪರಿಶೀಲಿಸುವುದು ಸಾಧ್ಯವಾಯಿತು.

19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನ್ ಟ್ರಿನಿಟಿ ಮಠದ ಹಸ್ತಪ್ರತಿಯಲ್ಲಿ ಈ ಪ್ರವಾಸಕಥನವನ್ನು ಕಂಡು ಲೋಕಕ್ಕೆ ತಿಳಿಸಿದರು. ಸ್ರೆಜ್ನೆವ್‌ಸ್ಕಿಯವರು ಆ ಶತಮಾನದ ಮಧ್ಯಭಾಗದಲ್ಲಿ 1466–1472 ಎಂಬ ಕಾಲವನ್ನು ಸೂಚಿಸಿದರು. 1857ರಲ್ಲಿ ಹಕ್ಲೂಯಿಟ್ ಸಂಘದ ಸಂಪುಟವೊಂದು ನಿಕಿತಿನ್, ನಿಕೊಲೊ ಕಾಂಟಿ, ಅಬ್ದುರ್ ರಜಾಕ್ ಮೂವರ ವೃತ್ತಾಂತಗಳನ್ನೂ ಇಂಗ್ಲಿಷಿನಲ್ಲಿ ಒಟ್ಟಿಗೆ ತಂದಿತು. ಹೀಗೆ ನೆಲೆಗೊಂಡ ಕಾಲ ಒಂದು ಶತಮಾನಕ್ಕೂ ಮಿಕ್ಕಿ ಕೋಶದಿಂದ ಕೋಶಕ್ಕೆ ಸಾಗಿತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸೆಮ್ಯೊನೊವ್ ಎಂಬ ವಿದ್ವಾಂಸರು ಮೂಲವನ್ನು ಮತ್ತೆ ಓದಿ 1468–1474 ಎಂಬ ಕಾಲವನ್ನು ಮುಂದಿಟ್ಟರು.

ಈ ಮರುಲೆಕ್ಕದ ಅಗತ್ಯಕ್ಕೆ ಕಾರಣ ಕಥನದೊಳಗೇ ಇದೆ. ವೋಲ್ಗಾ ನದಿಯ ಕೆಳಭಾಗದಲ್ಲಿ ದರೋಡೆಯಾದಾಗ ನಿಕಿತಿನ್‌ನ ಧರ್ಮಗ್ರಂಥಗಳೂ ಹೋದವು. ಪುಸ್ತಕಗಳಿಲ್ಲದೆ ಈಸ್ಟರ್ ಹಬ್ಬದ ದಿನವನ್ನು ಲೆಕ್ಕ ಹಾಕಲಾಗದೆ, ಪರದೇಶದಲ್ಲಿ ಹಬ್ಬ ಉಪವಾಸಗಳ ಎಣಿಕೆ ತಪ್ಪಿತೆಂದು ಅವನು ಮತ್ತೆ ಮತ್ತೆ ಹಲುಬುತ್ತಾನೆ. ಮುಸ್ಲಿಮರ ಹಬ್ಬಗಳನ್ನು ಆಧರಿಸಿ ತನ್ನ ಹಬ್ಬವನ್ನು ಊಹಿಸುತ್ತಾನೆ. ಯಾತ್ರಿಕನಿಗೇ ಕಾಲದ ಲೆಕ್ಕ ತಪ್ಪಿದ್ದ ಮೇಲೆ ಕೋಶದ ನಾಲ್ಕಂಕಿಗಳು ಅಷ್ಟು ನಿಶ್ಚಯವಾಗಿ ನಿಲ್ಲುವುದಾದರೂ ಹೇಗೆ? ಆ ಅಂಕಿಗಳ ಹಿಂದೆ ಒಬ್ಬ ಮನುಷ್ಯನ ದಿಗಿಲಿದೆ. ಕೋಶದ ಭಾಷೆಗೆ ಅದು ನಿಲುಕುವುದಿಲ್ಲ.

ಕರ್ನಾಟಕದ ಇತಿಹಾಸಕ್ಕೆ ಇದು ದೂರದ ಪ್ರಶ್ನೆಯಲ್ಲ. ನಿಕಿತಿನ್ ಬೀದರಿನ ಅರಮನೆಯನ್ನೂ ಸುಲ್ತಾನನ ಮೆರವಣಿಗೆಯನ್ನೂ ಪ್ರಜೆಗಳ ಬಡತನವನ್ನೂ ಕಣ್ಣಾರೆ ಕಂಡು ಬರೆದವನು. ಆಳಂದವೆಂದು ಗುರುತಿಸಲಾದ ಊರಿನ ಕುದುರೆ ಜಾತ್ರೆಯನ್ನೂ ಶಿವರಾತ್ರಿಗೆ ಶ್ರೀಶೈಲಕ್ಕೆ ಹೋದವರನ್ನೂ ವಿವರಿಸಿದವನು. ಮಹಮೂದ್ ಗವಾನ್‌ನ ಮದರಸಾ ಪೂರ್ಣಗೊಂಡದ್ದು 1472ರಲ್ಲಿ. ಹಳೆಯ ಲೆಕ್ಕದಂತೆ ನೋಡಿದರೆ ಆ ವೇಳೆಗೆ ನಿಕಿತಿನ್ ದಖನ್ನನ್ನು ಬಿಟ್ಟಾಗಿತ್ತು. ಹೊಸ ಲೆಕ್ಕದಂತೆ ಅವನು ಇನ್ನೂ ಈ ನಾಡಿನಲ್ಲಿದ್ದ. ಅವನ ಬರಹದಲ್ಲಿ ಯಾವುದಾದರೊಂದು ಕಟ್ಟಡದ ಮಾತು ಇಲ್ಲದಿರುವುದಕ್ಕೆ ಅರ್ಥವಿದೆಯೆ ಇಲ್ಲವೆ ಎಂಬುದು ಈ ಎರಡು ವರ್ಷಗಳ ಅಂತರವನ್ನು ಅವಲಂಬಿಸಿದೆ.

ಯಾರ ಹೆಸರಿನಡಿ ಯಾರು?

ಇಸವಿಗಳಷ್ಟೇ ಮುಖ್ಯವಾದದ್ದು ಶೀರ್ಷಿಕೆಯ ಪ್ರಶ್ನೆ. ಕೋಶದಲ್ಲಿ ಸ್ವತಂತ್ರ ಶೀರ್ಷಿಕೆ ಪಡೆದ ವ್ಯಕ್ತಿಗೆ ಜೀವನಚರಿತ್ರೆ ಇರುತ್ತದೆ. ಉಳಿದವರು ಅವನ ಚರಿತ್ರೆಯೊಳಗಿನ ಅರ್ಧ ವಾಕ್ಯಗಳಾಗುತ್ತಾರೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ ಹುಟ್ಟಿ, ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ನಡೆಸಿ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿಗೆ ಬ್ರಿಟನ್ನಿನ ರಾಷ್ಟ್ರೀಯ ಜೀವನಚರಿತ್ರೆ ಕೋಶದಲ್ಲಿ ಸ್ಥಾನ ದೊರೆಯಿತು. ಅವನು ಕೂಡಿಸಿದ ಕೈಫಿಯತ್ತುಗಳು, ಶಾಸನಗಳ ನಕಲುಗಳು, ಹಸ್ತಪ್ರತಿಗಳು ಇಂದಿಗೂ ನಮ್ಮ ಸಂಶೋಧನೆಗೆ ಆಕರ.

ಅವನ್ನು ನಿಜವಾಗಿ ಊರೂರು ಸುತ್ತಿ ಕೂಡಿಸಿದವರು, ಓದಿದವರು, ಭಾಷಾಂತರಿಸಿದವರು ಕಾವಲಿ ಸೋದರರು ಮತ್ತು ಅವರ ಸಂಗಡಿಗರು. ಹಿರಿಯವನಾದ ವೆಂಕಟ ಬೊರಯ್ಯ 1803ರಲ್ಲಿಯೇ ತೀರಿಕೊಂಡ. 1817ರಲ್ಲಿ ಅಲೆಗ್ಸಾಂಡರ್ ಜಾನ್‌ಸ್ಟನ್‌ಗೆ ಬರೆದ ಪತ್ರದಲ್ಲಿ ಮೆಕೆಂಜಿ, ಭಾರತೀಯ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಬೊರಯ್ಯನ ಮೂಲಕವೇ ಎಂಬ ಅರ್ಥದ ಮಾತುಗಳಲ್ಲಿ ಆ ಋಣವನ್ನು ಒಪ್ಪಿಕೊಂಡಿದ್ದಾನೆ. ಸೋದರರಲ್ಲಿ ಒಬ್ಬನಾದ ವೆಂಕಟ ರಾಮಸ್ವಾಮಿ 1829ರಲ್ಲಿ ಕಲ್ಕತ್ತೆಯಲ್ಲಿ ದಖನ್ನಿನ ಕವಿಗಳ ಜೀವನಚಿತ್ರಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಕವಿಗಳ ಚರಿತ್ರೆಯನ್ನು ಕೋಶರೂಪಕ್ಕೆ ತಂದವರಲ್ಲಿ ಅವನು ಮೊದಲಿಗರ ಸಾಲಿಗೆ ಸೇರುತ್ತಾನೆ; ಕಿಟ್ಟೆಲರ ಸಮೀಕ್ಷೆಗಿಂತ 46 ವರ್ಷ ಹಿಂದಿನ ಮಾತಿದು.

ಕನ್ನಡಕ್ಕೆ ಇನ್ನೂ ಹತ್ತಿರದವನು ಕನಕಗಿರಿಯ ದೇವಚಂದ್ರ. ಮೈಸೂರು ಸರ್ವೇಕ್ಷಣೆಯ ಕಾಲದಲ್ಲಿ ಮೆಕೆಂಜಿಯನ್ನು ಕಂಡ ಈ ಜೈನ ಪಂಡಿತ ಮುಂದೆ ರಾಜಾವಳಿಕಥೆಯನ್ನು ರಚಿಸಿದ. ಅದರಲ್ಲಿರುವ ಕವಿಗಳ, ಅರಸರ ಕಥೆಗಳನ್ನು ಸಾಹಿತ್ಯಚರಿತ್ರೆಕಾರರು ಬಳಸಿಕೊಂಡರು. ಹೀಗೆ ಅನ್ವೇಷಕನ ಪ್ರಶ್ನೆ ಪಂಡಿತನ ನೆನಪನ್ನು ಕೆದಕಿತು, ಪಂಡಿತನ ಬರಹ ಕವಿಚರಿತೆಗೆ ಸಾಮಗ್ರಿಯಾಯಿತು. ಮೆಕೆಂಜಿಯ ಶೀರ್ಷಿಕೆಯನ್ನು ಮಾತ್ರ ನೋಡಿದವನಿಗೆ ಈ ಸರಪಳಿಯ ಒಂದೇ ಕೊಂಡಿ ಕಾಣುತ್ತದೆ. ರಾಜಾವಳಿಕಥೆಯ ಐತಿಹ್ಯವೊಂದು ಇಂದಿನ ಕೋಶದಲ್ಲಿ ಪ್ರಾಚೀನ ಕವಿಯೊಬ್ಬನ ಜೀವನವೃತ್ತಾಂತವಾಗಿ ಕಂಡುಬಂದರೆ, ಅದು 10ನೆಯ ಶತಮಾನದ ಸಾಕ್ಷ್ಯವೋ 19ನೆಯ ಶತಮಾನದ ನೆನಪೋ ಎಂದು ಕೇಳುವುದು ಸಂಶೋಧಕನ ಮೊದಲ ಕರ್ತವ್ಯ.

ಬಿಡಿಸಿ ಓದುವ ಕ್ರಮ

ಮೇಲಿನ ನಿದರ್ಶನಗಳಿಂದ ಒಂದು ಕ್ರಮವನ್ನು ರೂಪಿಸಿಕೊಳ್ಳಬಹುದು. ಮೊದಲನೆಯದಾಗಿ, ಕೋಶದ ಪ್ರತಿಯೊಂದು ಸಂಗತಿಯನ್ನೂ ಪ್ರತ್ಯೇಕಿಸಿ ಅದು ಕವಿಯ ಸ್ವೋಕ್ತಿಯೇ, ಸಮಕಾಲೀನ ಶಾಸನವೇ, ಅನಂತರದ ಐತಿಹ್ಯವೇ, ಆಧುನಿಕ ಊಹೆಯೇ ಎಂದು ಗುರುತಿಸಬೇಕು. ಎರಡನೆಯದಾಗಿ, ಹಲವು ಕೋಶಗಳು ಒಂದೇ ಮಾತನ್ನು ಹೇಳುವಾಗ ಅವುಗಳ ವಂಶವೃಕ್ಷವನ್ನು ಬರೆಯಬೇಕು. ಅವೆಲ್ಲ ಒಂದೇ ಮೂಲಕ್ಕೆ ಹೋಗಿ ಸೇರಿದರೆ ನಮ್ಮ ಕೈಯಲ್ಲಿರುವುದು ಒಂದೇ ಸಾಕ್ಷಿ. ಅಂತರಜಾಲದ ದಿನಗಳಲ್ಲಿ ನಕಲಿನ ವೇಗ ಹೆಚ್ಚಿರುವುದರಿಂದ ಈ ಎಚ್ಚರ ಮೊದಲಿಗಿಂತ ಈಗ ಹೆಚ್ಚು ಅಗತ್ಯ.

ಮೂರನೆಯದಾಗಿ, ಹಳೆಯ ಆವೃತ್ತಿಗಳನ್ನು ತಿರಸ್ಕರಿಸಬಾರದು. ಕೋಶದ ಹಳೆಯ ಆವೃತ್ತಿಯಲ್ಲಿ ಇಲ್ಲದ ಹೆಸರು ಹೊಸದರಲ್ಲಿ ಬಂದರೆ ಆ ಎರಡು ವರ್ಷಗಳ ನಡುವೆ ಯಾವುದೋ ಹೊಸ ಆಧಾರ ದೊರೆತಿರಬೇಕು. ಅದನ್ನು ಹುಡುಕಲು ಅದೇ ಸುಳಿವು. ಅಬ್ಬಣಬ್ಬೆಯ ಹೆಸರು ಹೀಗೆಯೇ ನಮ್ಮನ್ನು ಬೊಮ್ಮಲಗುಟ್ಟದ ಬಂಡೆಗೆ ಕರೆದೊಯ್ಯುತ್ತದೆ. ನಾಲ್ಕನೆಯದಾಗಿ, ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ತಿರುಗಿಸುವಾಗ ಮಾಸವನ್ನು ಗಮನಿಸಬೇಕು. ಚೈತ್ರದಲ್ಲಿ ಆರಂಭವಾಗುವ ಶಕವರ್ಷ ಎರಡು ಕ್ರಿಸ್ತವರ್ಷಗಳಿಗೆ ಹರಡಿಕೊಳ್ಳುವುದರಿಂದ, ವರ್ಷಾಂತ್ಯದ ಮಾಸಗಳಿಗೆ 78ರ ಬದಲು 79ನ್ನು ಕೂಡಿಸಬೇಕಾಗುತ್ತದೆ. ಎರಡು ಕೋಶಗಳ ನಡುವಣ ಒಂದು ವರ್ಷದ ಭೇದ ಎಷ್ಟೋ ವೇಳೆ ಇಷ್ಟರಿಂದಲೇ ಹುಟ್ಟಿರುತ್ತದೆ.

ಐದನೆಯದು ಮೌನವನ್ನು ಗೌರವಿಸುವುದು. ಕವಿರಾಜಮಾರ್ಗ ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ಜಯಬಂಧು ಇವರ ಕೃತಿಗಳು ಉಳಿದಿಲ್ಲ. ಕೋಶದಲ್ಲಿ ಇವರ ಕುರಿತು ಎರಡು ಸಾಲು ಮಾತ್ರ ಇದ್ದರೆ ಅದು ಕೋಶದ ಬಡತನವಲ್ಲ, ಪ್ರಾಮಾಣಿಕತೆ. ಅದೇ ಪಟ್ಟಿಯ ದುರ್ವಿನೀತನಿಗೆ ಮಾತ್ರ ವಿಸ್ತಾರವಾದ ಚರಿತ್ರೆ ದೊರೆಯುವುದು ಅವನನ್ನು ಗಂಗ ದೊರೆಯೊಂದಿಗೆ ಸಮೀಕರಿಸಿದ್ದರಿಂದ. ಆ ಸಮೀಕರಣವೇ ಒಂದು ವಾದ.

ಇಷ್ಟೆಲ್ಲ ಹೇಳಿದ ಮೇಲೆ ವಿಶ್ವಕೋಶವನ್ನು ಬದಿಗಿಡಬೇಕೆಂದು ಅರ್ಥವಲ್ಲ. ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳ ಪಠ್ಯ ಈಗ ಮುಕ್ತ ಪರವಾನಗಿಯಲ್ಲಿ ಅಂತರಜಾಲದಲ್ಲಿ ದೊರೆಯುತ್ತಿರುವುದು ವಿದೇಶಗಳಲ್ಲಿನ ಕನ್ನಡ ಅಧ್ಯಯನಕ್ಕೆ ದೊಡ್ಡ ಉಪಕಾರ. ಮುಂದೆ ನಾವು ಬರೆಯುವ ಪರಿಚಯಗಳಲ್ಲಿ ಸಂಗತಿಯ ಪಕ್ಕದಲ್ಲಿ ಅದರ ಆಧಾರವನ್ನೂ ಇಡುವುದು ಕಷ್ಟದ ಕೆಲಸವಲ್ಲ. ಅಂತರಜಾಲದಲ್ಲಿ ಸ್ಥಳಾಭಾವದ ನೆಪವೂ ಇಲ್ಲ. ಪಂಪನ ಪರಿಚಯವನ್ನು ಹೀಗೆ ಬರೆಯಬಹುದು: ಜನನ ದುಂದುಭಿ ಸಂವತ್ಸರ, ಆದಿಪುರಾಣದ ಸ್ವೋಕ್ತಿ, ಆ ಕೃತಿಯ ಶಕ 863ನ್ನು ಹಿಡಿದು ಗಣಿಸಿದರೆ 902. ತಂದೆ ಅಭಿರಾಮದೇವರಾಯ, ವಿಕ್ರಮಾರ್ಜುನವಿಜಯ. ಭೀಮಪ್ಪಯ್ಯ, ಕುರಿಕ್ಯಾಲ ಶಾಸನ. ಇಬ್ಬರೂ ಒಬ್ಬನೇ ಎಂಬುದು ವಿದ್ವಾಂಸರ ನಿರ್ಣಯ. ತಾಯಿ ಅಬ್ಬಣಬ್ಬೆ, ಅದೇ ಶಾಸನ. ಜನ್ಮಸ್ಥಳ ಅಣ್ಣಿಗೇರಿ, ತಾಯಿಯ ಮನೆತನದಿಂದ ಊಹಿತ. ಸಾಲುಗಳು ಎರಡರಷ್ಟಾದವು. ನಾಳೆ ಇನ್ನೊಂದು ಬಂಡೆಯ ಮೇಲೆ ಇನ್ನೊಂದು ಶಾಸನ ದೊರೆತರೆ, ಇವುಗಳಲ್ಲಿ ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬೇಕಾಗಿಲ್ಲ ಎಂಬುದು ಅದನ್ನು ಓದುವ ಮೊದಲ ವಿದ್ಯಾರ್ಥಿಗೇ ತಿಳಿದಿರುತ್ತದೆ.